ಕೊಡೆಮಾಣಿಯ ಹೊಸ ಸಂಕ

ಎಲ್ಲವೂ ಕೆಡಲು ಶುರುವಾದದ್ದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳುವುದರಲ್ಲಿ ನನ್ನ ಜಾಣತನ ಏನೂ ಇಲ್ಲ. ಮೊದಲ ವರ್ಷದ ಪಿಯುಸಿ ಪಾಸಾದದ್ದಕ್ಕೆ ಅಪ್ಪಯ್ಯ ಕೈಗಡಿಯಾರ ಕೊಡಿಸಿ ಆಗಿನ್ನೂ ಒಂದು ತಿಂಗಳು. ಯಾರೂ ಕೇಳದಿದ್ದರೂ ಎರಡು ನಿಮಿಷಕ್ಕೊಮ್ಮೆ ವೇಳೆ ನೋಡುವ ಕಾಯಿಲೆ ನನಗೆ ಹತ್ತಿಕೊಂಡಿತ್ತು. ತೊಂಬತ್ನಾಲ್ಕರ ಜುಲೈ ತಿಂಗಳ ಒಂದು ಶನಿವಾರ, ಕಾನಸೂರಿನ ಹತ್ತಿರದ ನಮ್ಮೂರ ಹಳ್ಳದ ದಂಡೆಯಲ್ಲಿ ನಿಂತು ವೇಳೆ ನೋಡಿದೆ. ತಲೆ ಎತ್ತುವಷ್ಟರಲ್ಲಿ ‘ಟಕ್’ ಎಂದಿತು. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕದ ನಟ್ಟನಡುವೆ ನನ್ನ ಸೋದರಮಾವನ ಮಗಳು ವೇಣಿ ನಿಂತಿದ್ದಳು.

ಆ ‘ಟಕ್’ ಆಮೇಲೆ ಹನ್ನೆರಡು ವರ್ಷ ನನ್ನ ನಿದ್ದೆಯೊಳಗೆ ಬಾಡಿಗೆ ಕೊಡದೆ ವಾಸ ಮಾಡಿತು. ಅದರ ಕಥೆ ಹೇಳಬೇಕೆಂದರೆ ಮೊದಲು ಕೊಡೆಮಾಣಿಯ ಕಥೆ ಹೇಳಬೇಕು. ಕೊಡೆಮಾಣಿ ನಮ್ಮ ಸಂಬಂಧಿಕನಲ್ಲ. ವಿಡಿಯೋ ಗೇಮಿನೊಳಗಿನ ಒಬ್ಬ ಹುಡುಗ. ಹುಡುಗನಿಗೆ ನಮ್ಮ ಕಡೆ ಮಾಣಿ ಎನ್ನುತ್ತಾರೆ, ಅವನ ಕೈಯಲ್ಲಿ ಒಂದು ಕೊಡೆ ಇತ್ತು, ಹೆಸರಿಡಲು ಇಷ್ಟು ಸಾಕಲ್ಲ. ಅವನಿಗೆ ಹುಟ್ಟಿದೂರಿನಲ್ಲಿ ಏನು ಹೆಸರಿತ್ತೋ ದೇವರೇ ಬಲ್ಲ. ಆಟದ ಕ್ಯಾಸೆಟ್ಟಿನ ಮೇಲೆ ಇದ್ದ ಅಕ್ಷರಗಳು ಇರುವೆ ಸಾಲು ಮಸಿಯಲ್ಲಿ ಕಾಲದ್ದಿಕೊಂಡು ಓಡಾಡಿದ ಹಾಗೆ ಇದ್ದವು.

ಮಾವನಿಗೆ ಶಿರಸಿಯಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ. ಪಿಯುಸಿ ಓದಲು ನಾನು ಅವರ ಮನೆಯಲ್ಲಿದ್ದೆ. ಅಂಗಡಿಯ ಹಿಂದಿನ ಕೋಣೆಯೇ ಮನೆಯ ಮುಂದಿನ ಕೋಣೆ. ಯಾರೋ ರಿಪೇರಿಗೆ ಕೊಟ್ಟು ಮರೆತೇಹೋದ ಟಿವಿ ಗೇಮ್ ಒಂದು ಅಲ್ಲಿ ವರ್ಷದಿಂದ ಬಿದ್ದಿತ್ತು. ಮಾವ ಅದನ್ನು ಒಂದು ಹಳೆಯ ಕಪ್ಪುಬಿಳುಪು ಪೋರ್ಟಬಲ್ ಟಿವಿಗೆ ಸಿಕ್ಕಿಸಿ, “ಹಾಳಾದ್ರೆ ನಿಂಗ್ಳೇ ರಿಪೇರಿ ಮಾಡವು” ಎಂದು ನಮಗೆ ಬಿಟ್ಟುಕೊಟ್ಟಿದ್ದರು. ಅದರ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು. ಆ ಕಾಲದಲ್ಲಿ ಅಂಥ ಕ್ಯಾಸೆಟ್ಟು ಇಟ್ಟುಕೊಂಡು ಮೋಸಹೋದ ಎಲ್ಲರಿಗೂ ಗೊತ್ತು, ಒಳಗಿರುವುದು ಏಳೇ ಆಟ. ಎಂಟನೆಯದು ಒಂದನೆಯದೇ. ಹುಡುಗನ ಅಂಗಿ ಮಾತ್ರ ಬೇರೆ. ಹದಿನೈದನೆಯದೂ ಒಂದನೆಯದೇ, ಅಂಗಿ ಹಳೆಯದು, ಮೊಸಳೆ ಒಂದು ಹೆಚ್ಚು.

“ಇದು ಹೊಸ ಆಟವೇ” ಎಂದು ವೇಣಿ ಆಗಲೇ ವಾದ ಮಾಡುತ್ತಿದ್ದಳು. “ಮೊಸಳೆ ಹೆಚ್ಚಾದ್ರೆ ಆಟ ಬೇರೆ ಆಗ್ತಿಲ್ಯನೇ? ಹಳ್ಳದಾಗೆ ಒಂದು ಮೊಸಳೆ ಇದ್ರೂ ಎರಡು ಇದ್ರೂ ನಿಂಗೆ ಒಂದೇಯಾ?”

ವೇಣಿ ನನಗಿಂತ ಎರಡು ವರ್ಷ ದೊಡ್ಡವಳು. ಹಾಗಾಗಿ ಮೊದಲನೇ ಕಂಟ್ರೋಲರು ಅವಳಿಗೆ. ನನ್ನ ಪಾಲಿಗೆ ಬಂದ ಎರಡನೇ ಕಂಟ್ರೋಲರಿನ ವಯರು ಒಳಗೇ ತುಂಡಾಗಿತ್ತು. ಇದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ನಾನೂ ಆಡುತ್ತಿದ್ದೇನೆಂದು ತಿಳಿದು ಬೆರಳು ನೋಯುವಷ್ಟು ಗುಂಡಿ ಒತ್ತಿದ್ದೆ. ಗೊತ್ತಾದ ಮೇಲೆ ನನ್ನ ಕೆಲಸ ಕೂಗುವುದು. “ಹಾರು!”, “ಬಗ್ಗು!”, “ಕೊಡೆ ಬಿಚ್ಚು!” ಇದರಲ್ಲಿ ಮೂರನೆಯದು ಬಹಳ ಮುಖ್ಯ. ಕೊಡೆಮಾಣಿ ಮರದ ದಿಮ್ಮಿಗಳ ಮೇಲೆ ಹಾರುತ್ತಾ ಹೊಳೆ ದಾಟಬೇಕು. ಕೆಲವು ದಿಮ್ಮಿ ಗಟ್ಟಿ, ಕೆಲವು ಒಳಗೇ ಕೊಳೆತ ಲಡ್ಡು. ಲಡ್ಡು ದಿಮ್ಮಿ ಮುರಿಯುವಾಗ ‘ಟಕ್’ ಎನ್ನುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಕೊಡೆ ಬಿಚ್ಚಿಕೊಂಡು ಅವನು ತೇಲುತ್ತಾ ಆಚೆ ದಡಕ್ಕೆ ಹೋಗಿ ಇಳಿಯುತ್ತಾನೆ. ಒತ್ತದಿದ್ದರೆ ಮೊಸಳೆಗೆ ಊಟ.

ನಾನು ಎಷ್ಟು ಕೂಗಿದರೂ ವೇಣಿ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು ಎಂಬುದನ್ನು ಇಲ್ಲಿ ಒಂದು ಮಾತಿಗೆ ಹೇಳಿಡುತ್ತೇನೆ.

ಇನ್ನು ಸಂಕದ ವಿಷಯ. ನಮ್ಮೂರ ಹಳ್ಳಕ್ಕೆ ಆಗ ಸೇತುವೆ ಇರಲಿಲ್ಲ. ಎರಡು ಅಡಿಕೆ ಮರಗಳನ್ನು ಜೋಡಿಸಿ ಅಡ್ಡ ಹಾಕಿ, ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಬಿದಿರ ಗಳ ಕಟ್ಟಿದರೆ ಅದೇ ಕಾಲುಸಂಕ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಳ್ಳದ ಆಚೆ ಈಚೆಯ ಮನೆಗಳಿಂದ ಒಬ್ಬೊಬ್ಬರು ಬಂದು ಹಳೆಯ ಮರ ತೆಗೆದು ಹೊಸದು ಹಾಕಬೇಕು. ಅಜ್ಜನ ಕಾಲದಿಂದ ನಡೆದು ಬಂದದ್ದು. ಮರ ಹೊಸದು, ಬಳ್ಳಿ ಹೊಸದು, ಗಳ ಹೊಸದು. ಆದರೂ ಅಜ್ಜಿ “ಆನು ಮದುವೆ ಆಗಿ ದಾಟಿದ ಸಂಕ” ಎಂದೇ ಹೇಳುತ್ತಿದ್ದಳು. ಅವಳು ದಾಟಿದ ಮರ ಮಣ್ಣಾಗಿ ಐವತ್ತು ವರ್ಷವಾಗಿತ್ತು.

ದಾಟುವುದಕ್ಕೂ ಕ್ರಮವಿತ್ತು. ಒಬ್ಬರು ಇಳಿಯುವವರೆಗೆ ಇನ್ನೊಬ್ಬರು ಹತ್ತಬಾರದು. ಸಂಕದ ಮೇಲೆ ಕೊಡೆ ಬಿಚ್ಚಬಾರದು. ಹತ್ತುವ ಮೊದಲು ಕಾಲಿನಿಂದ ಎರಡು ಸಲ ಬಡಿದು ನೋಡಬೇಕು, ಮರ ಗಟ್ಟಿ ಇದ್ದರೆ ಸದ್ದೇ ಹೇಳುತ್ತದೆ. ನಮ್ಮೂರಲ್ಲಿ ನಾಲ್ಕು ವರ್ಷದ ಮಗುವೂ ಬಡಿಯದೆ ಕಾಲಿಡುತ್ತಿರಲಿಲ್ಲ.

ಆ ವರ್ಷ ಹಳ್ಳದ ಎರಡೂ ಕಡೆ ಮದುವೆಯ ಗಡಿಬಿಡಿ. ಮರ ಕಡಿಯಲು ಯಾರಿಗೂ ಪುರುಸೊತ್ತಿಲ್ಲ. ಅಪ್ಪಯ್ಯನೂ ಇನ್ನಿಬ್ಬರೂ ಸೇರಿ ಹಿಂದಿನ ವರ್ಷದ ಮರಗಳನ್ನೇ ಪಾಚಿ ಕೆರೆದು ಮಗುಚಿ ಹಾಕಿದರು. ಅಡಿಯಾಗಿದ್ದದ್ದು ಮೇಲಾಯಿತು. ಹೊಸ ಬಳ್ಳಿ ಬಿಗಿದರು. ನೋಡಲು ಹೊಚ್ಚ ಹೊಸದು.

ಆ ಶನಿವಾರ ಶಿರಸಿಯಿಂದ ಸಿದ್ದಾಪುರದ ಬಸ್ಸು ಹಿಡಿದು ಕಾನಸೂರಿನಲ್ಲಿ ಇಳಿದು ನಾವಿಬ್ಬರೂ ನಡೆದು ಬಂದೆವು. ಮಳೆ ಆಗಷ್ಟೇ ನಿಂತಿತ್ತು, ಹಳ್ಳ ಮಾತ್ರ ಕೆಂಪಗೆ ತುಂಬಿ ಭೋರೆನ್ನುತ್ತಿತ್ತು. ವೇಣಿಯ ಕೈಯಲ್ಲಿ ಮಡಚಿದ ಬಟನ್ ಕೊಡೆ. ಗುಂಡಿ ಒತ್ತಿದರೆ ‘ಫಟ್’ ಎಂದು ಬಿಚ್ಚಿಕೊಳ್ಳುವ ಕೊಡೆ ಆಗ ಶಿರಸಿಯಲ್ಲೇ ಹೊಸದು. ಅವಳು ಅದನ್ನು ಮಳೆಗಿಂತ ಹೆಚ್ಚಾಗಿ ಜನರಿಗೆ ತೋರಿಸಲು ಬಳಸುತ್ತಿದ್ದಳು.

“ಹೆದರಡ್ವೇ. ಹೊಸ ಸಂಕ ಹಾಕಿದ್ದ ಹೇಳಿ ಅಪ್ಪಯ್ಯ ಹೇಳಿದ್ದ” ಎಂದೆ ನಾನು.

“ಹೆದರದು ಯಾರು? ಆನು ಹೊಳೆಯನ್ನೇ ದಾಟಿದವ್ಳು, ದಿನಾ ನಾಕು ಸಲ” ಎಂದು, ಬಡಿದು ನೋಡದೆ, ಹೊರಟೇಬಿಟ್ಟಳು ಪೇಟೆಯ ಹುಡುಗಿ.

ನಾಲ್ಕು ಹತ್ತು. ‘ಟಕ್’.

ನಿಮಗೆ ನಗು ಬರಬಹುದು, ಈಗ ನನಗೂ ಬರುತ್ತದೆ. ಆ ಕ್ಷಣ ನಾನು ಕೂಗಬೇಕಾದದ್ದು “ಗಳ ಹಿಡಿ!” ಎಂದು. ಬಿದಿರ ಗಳ ಅವಳ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ಹುಟ್ಟಿದಂದಿನಿಂದ ಅದೇ ಸಂಕ ದಾಟಿದವಳು ನಾನು. ನನ್ನ ಬಾಯಿಂದ ಹೊರಟದ್ದು ಮಾತ್ರ, “ಕೊಡೆ ಬಿಚ್ಚು!”

ವೇಣಿ ಗುಂಡಿ ಒತ್ತಿದಳು. ಕೊಡೆ ‘ಫಟ್’ ಎಂದು ಬಿಚ್ಚಿಕೊಂಡಿತು. ಗಾಳಿ ಅದನ್ನು ಕೆಳಹೊಳೆಯ ಕಡೆಗೆ ಎಳೆಯಿತು. ತೇಲುತ್ತಾ ಆಚೆ ದಡಕ್ಕೆ ಇಳಿಯುವುದು ಹಾಗಿರಲಿ, ಅವಳು ಕೊಡೆಸಮೇತ ಹಳ್ಳದೊಳಗೆ ಹೋದಳು.

ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಗಡಿಯಾರ ಕೈಯಲ್ಲೇ ಇತ್ತು, ನೋಡಲಿಲ್ಲ. ಹತ್ತು ಮಾರು ಕೆಳಗೆ ದಂಡೆಯಿಂದ ಬಾಗಿದ ಕೇದಿಗೆ ಪೊದೆಗೆ ಬಿಚ್ಚಿದ ಕೊಡೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಕೊಡೆಯ ಹಿಡಿಕೆಗೆ ವೇಣಿ ಜೋತುಬಿದ್ದಿದ್ದಳು. ತಲೆ ಮೇಲೆ ಬರುತ್ತಿತ್ತು, ಮುಳುಗುತ್ತಿತ್ತು. ನಾನು ಬೊಬ್ಬೆ ಹಾಕುತ್ತಲೇ ಇದ್ದೆ. ಏನೆಂದು? ನಾಚಿಕೆ ಬಿಟ್ಟು ಹೇಳುತ್ತೇನೆ, “ಕೊಡೆ, ಕೊಡೆ” ಎಂದೇ. ಬೇರೆ ಶಬ್ದ ಬಾಯಿಗೆ ಬರಲೇ ಇಲ್ಲ.

ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ನಮ್ಮೂರ ಮಾದೇವಕ್ಕ ಹೊರೆ ಬಿಸಾಡಿ ಓಡಿ ಬಂದಳು. ಹೊರೆಯ ಹಗ್ಗ ಬಿಚ್ಚಿ ಎಸೆದಳು.

“ಹಿಡ್ಕಳೇ ತಂಗಿ! ಕೊಡೆ ಬಿಡಬ್ಯಾಡ, ಹಗ್ಗ ಸಿಕ್ಕದ್ ಮೇಲೆ ಬಿಡು!” ಎಂದವಳು ನನ್ನ ಕಡೆ ತಿರುಗಿ, “ನೀ ಎಂತ ನಿತ್ಕಂಡು ಗಂಟಲು ಹರ್ಕಂತೆ? ಬಂದು ಎಳಿ!” ಎಂದಳು.

ಎಳೆದೆವು. ವೇಣಿ ದಂಡೆಗೆ ಬಂದು ನೀರು ಕಾರಿ, ಮೊಣಕೈ ನೋಡಿಕೊಂಡು, ಮೊದಲು ಹೇಳಿದ ಮಾತು, “ನನ್ನ ಚಪ್ಪಲಿ ಒಂದು ಹೋತು.” ಆಮೇಲೆ ಅತ್ತಳು. ಅಪ್ಪಯ್ಯ ಬಂದು ಮುರಿದ ಮರದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದ. ಒಳಗೆ ಪೂರ್ತಿ ಲಡ್ಡು. ಮರುದಿನ ಬೆಳಗಾಗುವಷ್ಟರಲ್ಲಿ ಫಲ ಕೊಡುತ್ತಿದ್ದ ಎರಡು ಮರ ಕಡಿದು ತಂದು ಒಬ್ಬನೇ ಸಂಕ ಹಾಕಿದ. ಆಮೇಲೆ ಅವನು ಇರುವವರೆಗೆ ನಮ್ಮೂರಲ್ಲಿ ಯಾರೂ ಮರ ಮಗುಚಿ ಹಾಕಲಿಲ್ಲ.

ವೇಣಿ ಮೂರನೇ ದಿನಕ್ಕೆ ಶಿರಸಿಯಲ್ಲಿ ಕೊಡೆಮಾಣಿಯ ಮುಂದೆ ಕುಳಿತಿದ್ದಳು. ಬಿದ್ದವಳಿಗೆ ಆರಾಮ, ನೋಡಿದವಳಿಗೆ ಜ್ವರ. ನಾನು ಆ ಟಿವಿಯ ಮುಂದೆ ಕೂರುವುದನ್ನೇ ಬಿಟ್ಟೆ. ಡಿಗ್ರಿ ಮಾಡಿದೆ, ಎಂಕಾಂ ಮಾಡಿದೆ, ಸಿದ್ದಾಪುರದಲ್ಲಿ ಪಿಯು ಕಾಲೇಜಿನ ಮಕ್ಕಳಿಗೆ ಪಾಠ ಹೇಳುವವಳಾದೆ. ‘ಟಕ್’ ಮಾತ್ರ ಜೊತೆಗೇ ಬಂತು. ಮಲಗಿ ಎರಡು ಮೂರು ತಾಸಿಗೆ ಟಕ್. ಕಣ್ಣು ಬಿಟ್ಟರೆ ಮತ್ತೆ ಸಂಕ, ವೇಣಿ, ನನ್ನ ಕೂಗು. ಅದಕ್ಕೆ ವಿಧೇಯವಾಗಿ ಗುಂಡಿ ಒತ್ತುವ ಅವಳ ಹೆಬ್ಬೆರಳು. ವರ್ಷ ಹೋದಂತೆ ದೃಶ್ಯ ಮಾಸಬೇಕಲ್ಲ? ಇದು ಸುಧಾರಿಸುತ್ತಾ ಹೋಯಿತು. ನಾಲ್ಕು ಮಾರು ಅಗಲದ ಹಳ್ಳ ನನ್ನ ನೆನಪಿನಲ್ಲಿ ಶರಾವತಿಯಷ್ಟಾಯಿತು. ನೀರಿಗೆ ನೊರೆ ಬಂತು, ಆಕಾಶಕ್ಕೆ ಮಿಂಚು ಬಂತು. ಒಂದೆರಡು ಸಲ ಮೊಸಳೆಯೂ ಬಂದಿತ್ತು. ನಮ್ಮೂರ ಹಳ್ಳದಲ್ಲಿ ಏಡಿಗಿಂತ ದೊಡ್ಡ ಪ್ರಾಣಿ ಇಲ್ಲ.

ವೇಣಿಗೆ ಈ ಕೂಗಿನ ವಿಷಯ ನಾನು ಹೇಳಲಿಲ್ಲ. ಅವಳೂ ಎತ್ತಲಿಲ್ಲ. ಅವಳು ದೊಡ್ಡ ಮನಸ್ಸಿನವಳಾದ್ದರಿಂದ ಎತ್ತುತ್ತಿಲ್ಲ ಎಂದು ನನ್ನ ಲೆಕ್ಕ.

ಎರಡು ಸಾವಿರದ ಆರರ ಚಳಿಗಾಲ. ವೇಣಿ ಆಗ ಯಲ್ಲಾಪುರದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಕೇಂದ್ರ ನಡೆಸುತ್ತಿದ್ದಳು. ಮನೆಯ ಕೆಳಗಡೆಯೇ ಆರು ಕಂಪ್ಯೂಟರು. ಶನಿವಾರ ನಾನು ಹೋದಾಗ ಮಾವನೂ ಬಂದಿದ್ದರು. ಬಾಗಿಲಲ್ಲೇ ವೇಣಿ ನನ್ನ ಕೈ ಹಿಡಿದು ಎಳೆದಳು.

“ಬಾರೇ, ಯಾರು ಬೈಂದ ನೋಡು!”

ಪರದೆಯ ಮೇಲೆ ಕೊಡೆಮಾಣಿ ನಿಂತಿದ್ದ. ಬೆಳೆದಿರಲಿಲ್ಲ, ತುಂಬಿಕೊಂಡಿದ್ದ. ಚೌಕ ಚೌಕ ಚುಕ್ಕಿಗಳ ಮುಖಕ್ಕೆ ಮೂಗು ಬಂದಿತ್ತು, ಕೂದಲು ಗಾಳಿಗೆ ಹಾರುತ್ತಿತ್ತು. ಹೊಳೆ ನಿಜವಾದ ಹೊಳೆಯಂತೆ ಹರಿಯುತ್ತಿತ್ತು. ಯಾರೋ ಹುಬ್ಬಳ್ಳಿಯಿಂದ ತಂದುಕೊಟ್ಟ ಸೀಡಿಯಲ್ಲಿ ಬಂದದ್ದಂತೆ. ಹಳೆಯ ಆಟವನ್ನು ಮೊದಲಿನಿಂದ ಮತ್ತೆ ಮಾಡಿದ್ದಾರೆ, ಸಿನೆಮಾದವರ ಮಾತಿನಲ್ಲಿ ರೀಮೇಕ್.

“ಕೊಡೆ ಹಳದಿ ಇದ್ದು!” ಎಂದೆ. ಕಪ್ಪುಬಿಳುಪು ಟಿವಿಯಲ್ಲಿ ನಾನು ಅದನ್ನು ಸದಾ ಕೆಂಪು ಎಂದೇ ನೋಡಿದ್ದೆ.

“ಮೊದಲಿಂದಲೂ ಹಳದಿಯೇ ಇತ್ತೇನ” ಎಂದಳು ವೇಣಿ.

“ಹಳೆ ಆಟಕ್ಕೇ ಬಣ್ಣ ಬಳದು ಕೊಟ್ಟಿದ್ದ. ಇದ್ರಲ್ಲಿ ಹೊಸತು ಎಂತ ಇದ್ದು? ಅದೇ ಹೊಳೆ, ಅದೇ ದಿಮ್ಮಿ” ಎಂದೆ. ಧ್ವನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. ಮಗುಚಿ ಹಾಕಿದ ಮರವನ್ನು ಹೊಸದೆಂದು ನಂಬಿ, ನಂಬಿಸಿ ಬಂದವಳು ನಾನು. ಯಾರಾದರೂ ಹಳೆಯದನ್ನು ಹೊಸದು ಎಂದರೆ ಈಗಲೂ ನನ್ನ ಕಾಲು ತಾನಾಗಿ ಬಡಿದು ನೋಡುತ್ತದೆ.

“ಹಂಗಾದ್ರೆ ಯಕ್ಷಗಾನ? ಅದೇ ಪ್ರಸಂಗ ಎಷ್ಟು ಸಲ ನೋಡ್ತ್ಯೇ ನೀನು?” ವೇಣಿ ಬಿಡಲಿಲ್ಲ.

“ಅದು ಬೇರೆ.”

“ಎಂತ ಬೇರೆ?”

ನಾನು ಮಾವನ ಮುಖ ನೋಡಿದೆ. ಅವರು ಚಾ ಆರಿಸುತ್ತಾ ಬನವಾಸಿ ಕಡೆಯ ಒಬ್ಬ ಗಿರಾಕಿಯ ಕಥೆ ಶುರುಮಾಡಿದರು. ಆತ ಪ್ರತಿ ವರ್ಷ ಒಂದು ರೇಡಿಯೋ ತರುತ್ತಿದ್ದ. “ನಮ್ಮಜ್ಜನ ರೇಡಿಯೋ ಐತ್ರಿ, ಸ್ವಲ್ಪ ಚಲೋ ನೋಡ್ರಿ” ಎನ್ನುತ್ತಿದ್ದ. ಮಾವ ಒಂದು ವರ್ಷ ಸ್ಪೀಕರ್ ಬದಲಿಸಿದರು, ಒಂದು ವರ್ಷ ಒಳಗಿನದೆಲ್ಲ ಬದಲಿಸಿದರು, ಗೆದ್ದಲು ತಿಂದ ಮೇಲೆ ಪೆಟ್ಟಿಗೆಯನ್ನೂ ಬದಲಿಸಿದರು.

“ಕೊನೆಗೆ ಅಜ್ಜಂದು ಹೇಳಿ ಉಳಿದದ್ದು ಸ್ಟೇಷನ್ ತೋರ್ಸ ಮುಳ್ಳು ಒಂದೇಯ. ಒಂದಿನ ತಡೆಯಲಾಗದ್ದೆ ಹೇಳಿದೆ, ‘ಇದು ನಿಮ್ಮ ಅಜ್ಜಂದಲ್ಲ, ಪೂರ್ತಿ ನಂದು’ ಹೇಳಿ. ಅಂವ ಎಂತ ಹೇಳಿದ ಗೊತ್ತಿದ್ದಾ? ‘ಮುಂಜಾನೆ ಎದ್ದು ಅದನ್ನ ಹಚ್ಚೋ ಕೈ ನಮ್ಮಜ್ಜಂದು ಇದ್ದಂಗೇ ಐತ್ರಿ, ಅಷ್ಟ ಸಾಕು.’”

“ಅಂದ್ರೆ ಹಳೇದು ಹೇಳಿ ಆತು” ಎಂದೆ ನಾನು.

“ಅಂದ್ರೆ ನಿನ್ನ ಮಾವ ಹೊಸ ರೇಡಿಯೋ ಮಾಡಿ ಹಳೇ ರಿಪೇರಿ ಹೇಳಿ ಕೊಟ್ಟ ಹೇಳಿ ಆತು” ಎಂದಳು ವೇಣಿ. ಮಾವ ಇಬ್ಬರಿಗೂ ತಲೆಯಾಡಿಸಿ ಚಾ ಕುಡಿದರು. ರಿಪೇರಿಯವರು ಗಿರಾಕಿಯ ಜೊತೆ ವಾದ ಮಾಡುವುದಿಲ್ಲ.

ವೇಣಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. “ಆಡು. ಇದ್ರ ವಯರು ತುಂಡಾಜಿಲ್ಲೆ.”

ಒಂದು ದಿಮ್ಮಿ, ಎರಡು, ಮೂರು. ನಾಲ್ಕನೆಯದು ‘ಟಕ್’ ಎಂದಿತು. ಸದ್ದು ಕೂಡ ಈಗ ಮರದ ಸದ್ದೇ ಆಗಿತ್ತು. ಗುಂಡಿ ಒತ್ತಿದೆ. ಕೊಡೆ ಬಿಚ್ಚಿಕೊಂಡಿತು. ಎಲ್ಲಿಂದಲೋ ಗಾಳಿ ಬೀಸಿ ಮಾಣಿಯನ್ನು ಕೊಡೆಸಮೇತ ಎಳೆದುಕೊಂಡು ಹೋಗಿ ನೀರಿಗೆ ಹಾಕಿತು. ಮತ್ತೆ ಆಡಿದೆ. ಮತ್ತೆ ಗಾಳಿ. ಮೂರನೇ ಸಲ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು.

“ಗಾಳಿ ಹೊಸತಾಗಿ ಹಾಕಿದ್ದ. ಕೊಡೆ ಬಿಚ್ಚುಲಾಗ” ಎಂದು ನಗುತ್ತಿದ್ದ ವೇಣಿ ನನ್ನ ಮುಖ ನೋಡಿ ನಿಲ್ಲಿಸಿದಳು. “ಎಂತಾತೇ?”

ಹನ್ನೆರಡು ವರ್ಷದ್ದು ಒಂದೇ ಉಸಿರಿಗೆ ಹೊರಬಂತು. “ಆನು ಅವತ್ತು ಗಳ ಹಿಡಿ ಹೇಳಿ ಕೂಗವಾಗಿತ್ತು. ಕೊಡೆ ಬಿಚ್ಚು ಹೇಳಿ ಕೂಗಿದೆ. ನೀ ಬಿದ್ದದ್ದು ನನ್ನಿಂದ.”

ವೇಣಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ, “ನೀ ಕೂಗಿದ್ಯಾ?” ಎಂದಳು.

“ಕೇಳಿದ್ದಿಲ್ಯಾ?”

“ಆ ಹಳ್ಳದ ಸದ್ದಿಗೆ ನಂಗೆ ನನ್ನ ಕೂಗೇ ಕೇಳಿದ್ದಿಲ್ಲೆ. ನಿಂದು ಎಲ್ಲಿ ಕೇಳ್ತೇ ಮಳ್ಳು? ಕೈಯ್ಯಲ್ಲಿ ಕೊಡೆ ಇತ್ತು, ಹೆಬ್ಬೆರಳು ಒತ್ತಿತ್ತು, ಅಷ್ಟೇಯ.” ನನ್ನ ಕುರ್ಚಿಯನ್ನು ತನ್ನ ಕಡೆ ತಿರುಗಿಸಿ, “ಕೇಳಿದ್ರೂ ಎಂತಾಗ್ತಿತ್ತು? ನಿನ್ನ ಮಾತು ಕೇಳಿ ಆನು ಯಾವಾಗ ಆಡಿದ್ದೆ, ಹೇಳು?” ಎಂದಳು.

ನಾನು ಯೋಚಿಸಿದೆ. ಒಂದು ಸಲವೂ ಇಲ್ಲ. ಎರಡು ತಿಂಗಳು ತುಂಡು ವಯರಿನ ಗುಂಡಿ ಒತ್ತಿ ನಾನೇ ಆಡಿಸುತ್ತಿದ್ದೇನೆಂದು ನಂಬಿದವಳು ನಾನು. ಸಂಕದ ಮೇಲೂ ಅದನ್ನೇ ನಂಬಿದ್ದೆ.

“ನಿನ್ನ ಕೂಗು ನಂಗೆ ಕೇಳಿದ್ದಿಲ್ಲೆ” ಎಂದಳು ವೇಣಿ, ಈ ಸಲ ಮೆತ್ತಗೆ. “ದೂರ ಇದ್ದ ಮಾದೇವಕ್ಕಂಗೆ ಕೇಳಿತ್ತು. ಇಲ್ದಿದ್ರೆ ಅವಳು ಎಂತಕ್ಕೆ ಓಡಿ ಬತ್ತಿತ್ತು?”

ಅವಳು ನನ್ನ ಸಮಾಧಾನಕ್ಕೆ ಹೇಳಿದಳೋ, ನಿಜವೋ, ನಾನು ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ.

ಮಾತಾಡುವ ಗಡಿಬಿಡಿಯಲ್ಲಿ ಆಟವನ್ನು ಹಾಗೇ ಬಿಟ್ಟಿದ್ದೆವು. ಕೊಡೆಮಾಣಿ ದಂಡೆಯಲ್ಲಿ ನಿಂತಿದ್ದ. ಹಳೆಯ ಆಟದಲ್ಲಿ ಯಾರೂ ಗುಂಡಿ ಒತ್ತದಿದ್ದರೆ ಅವನು ಗೂಟದ ಹಾಗೆ ನಿಂತಿರುತ್ತಿದ್ದ. ಈಗ ಹಾಗೆ ನಿಲ್ಲಲಿಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು, ಮೊದಲ ದಿಮ್ಮಿಯನ್ನು ಎರಡು ಸಲ ಬಡಿದ. ಸ್ವಲ್ಪ ತಡೆದು ಮತ್ತೆ ಎರಡು ಸಲ.

“ಬಡದು ನೋಡ್ತಾ ಇದ್ದ!” ಎಂದೆ.

ಇದನ್ನು ಮತ್ತೆ ಮಾಡಿದವರು ಯಾವ ದೇಶದವರೋ, ಯಾವ ಹಳ್ಳ ಕಂಡವರೋ. ಮೊದಲ ಸಲ ಮಾಡಿದವರಿಗೆ ಗೊತ್ತಿಲ್ಲದ ಒಂದು ಸಂಗತಿ ಇವರಿಗೆ ಗೊತ್ತಿತ್ತು. ನಡುವೆ ಎಲ್ಲೋ ಒಮ್ಮೆ ಬಿದ್ದಿರಬೇಕು, ಇಲ್ಲವೇ ನನ್ನ ಹಾಗೆ ಯಾರೋ ಬೀಳುವುದನ್ನು ನಿಂತು ನೋಡಿರಬೇಕು. ಮರ ಮಗುಚಿ ಹಾಕಿದವರ ಕೆಲಸವಲ್ಲ ಇದು, ರಾತ್ರಿ ಕಳೆಯುವುದರೊಳಗೆ ಫಲದ ಮರ ಕಡಿದು ತಂದವನ ಕೆಲಸ.

“ಹೋಗ್ಲಿ, ಹೊಸ ಆಟವೇಯ” ಎಂದು ಒಪ್ಪಿಕೊಂಡೆ. “ಆದ್ರೆ ಕೊಡೆ ಕೆಂಪೇ ಆಗವಾಗಿತ್ತು.”

ಮಾವ ಗೋಡೆಯ ಕಡೆ ತಿರುಗಿ ನಕ್ಕರು.

ರಾತ್ರಿ ಅಲ್ಲೇ ಮಲಗಿ ಮರುದಿನ ಬೆಳಗಿನ ಆರೂವರೆಯ ಬಸ್ಸಿಗೆ ನಾನು ಶಿರಸಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಕಾಲ ಹತ್ತಿರ ಬಿದ್ದಿತ್ತು. ಕೈಗಡಿಯಾರ ನೋಡಿದೆ. ಭಾನುವಾರ, ಎಂಟು ಗಂಟೆ ಇಪ್ಪತ್ತು ನಿಮಿಷ. ನಡುವೆ ಒಂದು ಸಲವೂ ಎಚ್ಚರವಾಗಿರಲಿಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದೆ.

ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ವೇಣಿ ನಿಂತಿದ್ದಳು. “ಬಸ್ಸು ಹೋಗಿ ಎರಡು ತಾಸಾತು. ನಾಕು ಸಲ ಕೂಗಿದ್ನಲೇ, ಎಂತ ನಿದ್ದೆಯೇ ನಿಂದು!”

“ಹೌದಾ?” ಎಂದೆ. “ನಂಗೆ ಕೇಳಿದ್ದೇ ಇಲ್ಲೆ.”